ಉಂಡ ತೂಕದ ಬೆಲೆ

ಅಮೆರಿಕಕ್ಕೆ ಹೊಸದಾಗಿ ಬಂದಿಳಿದ ಕನ್ನಡದ ಮನೆಗೆ ಮೊದಲ ತಿಂಗಳಲ್ಲೇ ಮೂರು ಸಲಹೆಗಳು ಸಿಗುತ್ತವೆ. ಕ್ರೆಡಿಟ್ ಹಿಸ್ಟರಿ ಶುರು ಮಾಡಿ, ಡ್ರೈವಿಂಗ್ ಲೈಸೆನ್ಸ್ ಮಾಡಿಸಿ, ಕಾಸ್ಟ್‌ಕೊ ಕಾರ್ಡ್ ತಗೊಳ್ಳಿ. ಮೊದಲಿನ ಎರಡರ ಬಗ್ಗೆ ತಕರಾರಿಲ್ಲ. ಮೂರನೆಯದನ್ನು ಮಾತ್ರ ಹೇಳುವವರು ಲೆಕ್ಕ ಹಾಕಿ ಹೇಳುವುದಿಲ್ಲ, ಕೇಳುವವರು ಲೆಕ್ಕ ಕೇಳುವುದೂ ಇಲ್ಲ. ನ್ಯೂಜೆರ್ಸಿಯ ಎಡಿಸನ್ ಇರಲಿ, ಕ್ಯಾಲಿಫೋರ್ನಿಯದ ಫ್ರೀಮಾಂಟ್ ಇರಲಿ, ಡಲ್ಲಾಸ್ ಪಕ್ಕದ ಫ್ರಿಸ್ಕೊ ಇರಲಿ, ನಮ್ಮವರ ಮನೆಗಳಲ್ಲಿ ಈ ಕಾರ್ಡ್ ಇದ್ದೇ ಇರಬೇಕು ಎನ್ನುವಷ್ಟು ರೂಢಿಯಾಗಿಬಿಟ್ಟಿದೆ. ವರ್ಷಕ್ಕೆ 65 ಡಾಲರ್ ಕೊಟ್ಟು ಕಾಸ್ಟ್‌ಕೊದಂಥ ಸಗಟು ಕ್ಲಬ್ ಸೇರುವುದೋ, ಏನೂ ಕೊಡದೆ ವಾಲ್‌ಮಾರ್ಟ್, ಟಾರ್ಗೆಟ್, ಆಲ್ಡಿಯಂಥ ಅಗ್ಗದಂಗಡಿಗಳಲ್ಲೇ ದಿನಸಿ ತರುವುದೋ ಎಂಬುದು ಕೂತು ಯೋಚಿಸಬೇಕಾದ ಪ್ರಶ್ನೆ. ಕೆಲವು ಮನೆಗಳಿಗೆ ಕಾರ್ಡಿನಿಂದ ಒಳ್ಳೆಯ ಉಳಿತಾಯವಿದೆ. ಕೆಲವು ಮನೆಗಳಿಗೆ ಅದು ಸದ್ದಿಲ್ಲದ ನಷ್ಟ. ನಮ್ಮದು ಯಾವ ಮನೆ ಎಂದು ತಿಳಿಯಬೇಕಾದರೆ ಈ ಎರಡು ಬಗೆಯ ಅಂಗಡಿಗಳು ದುಡ್ಡು ಮಾಡುವುದು ಹೇಗೆ ಎಂದು ಮೊದಲು ನೋಡಬೇಕು.

ಸಗಟು ಕ್ಲಬ್ಬಿನ ಮೂಲಪುರುಷ ಸಾಲ್ ಪ್ರೈಸ್. ವೃತ್ತಿಯಿಂದ ವಕೀಲ. 1954ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಅವರು ಫೆಡ್‌ಮಾರ್ಟ್ ಎಂಬ ಅಂಗಡಿ ತೆರೆದರು. ಸರ್ಕಾರಿ ನೌಕರರು ಸಣ್ಣ ಸದಸ್ಯತ್ವ ಶುಲ್ಕ ಕೊಟ್ಟು ಅಗ್ಗದಲ್ಲಿ ಸಾಮಾನು ಕೊಳ್ಳುವ ಅಂಗಡಿ ಅದು. ಇಪ್ಪತ್ತು ವರ್ಷ ಬೆಳೆಸಿದ ಮೇಲೆ ಅದರ ಬಹುಪಾಲು ಷೇರು ಜರ್ಮನಿಯ ವ್ಯಾಪಾರಿಯೊಬ್ಬರ ಕೈ ಸೇರಿತು. ಹೊಸ ಒಡೆಯರು ಸಾಲ್ ಪ್ರೈಸರನ್ನೇ ಹೊರಗೆ ಕಳಿಸಿದರು. ಅರವತ್ತರ ಹೊಸ್ತಿಲಲ್ಲಿದ್ದ ಮನುಷ್ಯ ಸುಮ್ಮನೆ ಕೂರಲಿಲ್ಲ. 1976ರಲ್ಲಿ ಮಗ ರಾಬರ್ಟ್ ಜೊತೆ ಅದೇ ಊರಿನ ಮೊರೀನಾ ಬುಲೆವಾರ್ಡ್‌ನಲ್ಲಿ, ಹಿಂದೆ ವಿಮಾನ ತಯಾರಿಕೆಯವರು ಬಳಸುತ್ತಿದ್ದ ದೊಡ್ಡ ಶೆಡ್ಡಿನಲ್ಲಿ ಪ್ರೈಸ್ ಕ್ಲಬ್ ಶುರು ಮಾಡಿದರು. ಮೊದಲಿಗೆ ಅದು ಮನೆಯವರಿಗಾಗಿ ಇರಲೇ ಇಲ್ಲ. ಸಣ್ಣ ಹೋಟೆಲಿನವರು, ಮೂಲೆಯಂಗಡಿಯವರು, ಚಿಕ್ಕ ಆಫೀಸು ನಡೆಸುವವರು ವರ್ಷಕ್ಕೆ 25 ಡಾಲರ್ ಕಟ್ಟಿ ಸದಸ್ಯರಾಗಬೇಕು, ತಾವೇ ಬಂದು ತಾವೇ ಹೊತ್ತೊಯ್ಯಬೇಕು. ಮೊದಲ ವರ್ಷ ನಷ್ಟವೇ ಆಯಿತು. ಸರ್ಕಾರಿ ನೌಕರರಿಗೂ ಇನ್ನು ಕೆಲವು ಗುಂಪುಗಳಿಗೂ ಬಾಗಿಲು ತೆರೆದ ಮೇಲೆಯೇ ವ್ಯಾಪಾರ ಕುದುರಿತು.

ಫೆಡ್‌ಮಾರ್ಟ್‌ನಲ್ಲಿ ಹಾಸಿಗೆಗಳನ್ನು ಲಾರಿಯಿಂದ ಇಳಿಸುವ ಕೆಲಸಕ್ಕೆ ಸೇರಿದ್ದ ಕಾಲೇಜು ಹುಡುಗ ಜಿಮ್ ಸಿನೆಗಲ್. ಸಾಲ್ ಪ್ರೈಸರ ಕೈಕೆಳಗೆ ವ್ಯಾಪಾರ ಕಲಿತ ಆತ 1983ರಲ್ಲಿ ಜೆಫ್ ಬ್ರಾಟ್‌ಮನ್ ಜೊತೆ ಸಿಯಾಟಲ್‌ನಲ್ಲಿ ಕಾಸ್ಟ್‌ಕೊ ತೆರೆದರು. ಅದೇ ವರ್ಷ ವಾಲ್‌ಮಾರ್ಟಿನ ಸ್ಯಾಮ್ ವಾಲ್ಟನ್ ಒಕ್ಲಹೋಮದಲ್ಲಿ ಸ್ಯಾಮ್ಸ್ ಕ್ಲಬ್ ತೆರೆದರು. ಸಾಲ್ ಪ್ರೈಸರಿಂದ ತಾವು ಉಪಾಯಗಳನ್ನು ಎರವಲು ಪಡೆದೆ ಎಂಬರ್ಥದ ಮಾತನ್ನು ವಾಲ್ಟನ್ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮರುವರ್ಷ ಪೂರ್ವ ಕರಾವಳಿಯಲ್ಲಿ ಬೀಜೇಸ್ ಬಂತು. 1993ರಲ್ಲಿ ಪ್ರೈಸ್ ಕ್ಲಬ್ ಮತ್ತು ಕಾಸ್ಟ್‌ಕೊ ಒಂದಾದವು. ಹೀಗೆ ಇವತ್ತಿನ ಮೂರು ಕ್ಲಬ್ಬುಗಳೂ ಒಬ್ಬನೇ ಮನುಷ್ಯನ ಯೋಚನೆಯಿಂದ ಹುಟ್ಟಿದವು.

ಆ ಯೋಚನೆಯ ತಿರುಳು ಶುಲ್ಕದಲ್ಲಿದೆ. ಸಾಮಾನ್ಯ ಅಂಗಡಿಯವನು ಪ್ರತಿ ಸಾಮಾನಿನ ಮೇಲೆ ಇಷ್ಟಿಷ್ಟು ಲಾಭ ಇಟ್ಟು ಅದರಲ್ಲೇ ಬಾಡಿಗೆ, ಸಂಬಳ, ಜಾಹೀರಾತು ಎಲ್ಲವನ್ನೂ ಹೊಂದಿಸಿ ಉಳಿದದ್ದನ್ನು ತಾನು ಇಟ್ಟುಕೊಳ್ಳುತ್ತಾನೆ. ಕ್ಲಬ್ಬಿನವನು ಸಾಮಾನನ್ನು ಖರ್ಚು ಹುಟ್ಟುವಷ್ಟಕ್ಕೆ ಮಾರಿ, ಲಾಭದ ದೊಡ್ಡ ಪಾಲನ್ನು ವರ್ಷದ ಮೊದಲಿಗೇ ಶುಲ್ಕದ ರೂಪದಲ್ಲಿ ಪಡೆದುಬಿಡುತ್ತಾನೆ. 2024ರ ಆರ್ಥಿಕ ವರ್ಷದಲ್ಲಿ ಕಾಸ್ಟ್‌ಕೊಗೆ ಸದಸ್ಯತ್ವ ಶುಲ್ಕದಿಂದ ಬಂದದ್ದು ಸುಮಾರು 483 ಕೋಟಿ ಡಾಲರ್. ಆ ವರ್ಷದ ಕಾರ್ಯಾಚರಣೆ ಲಾಭ ಸುಮಾರು 928 ಕೋಟಿ. ಶುಲ್ಕವನ್ನು ತೆಗೆದುಬಿಟ್ಟರೆ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯ. ಹೊರಗಿನ ಬ್ರ್ಯಾಂಡಿನ ಸಾಮಾನಿಗೆ ಕೊಂಡ ಬೆಲೆಯ ಮೇಲೆ 14 ಶೇಕಡಾ, ತಮ್ಮದೇ ಕರ್ಕ್‌ಲ್ಯಾಂಡ್ ಸಿಗ್ನೇಚರ್ ಸಾಮಾನಿಗೆ 15 ಶೇಕಡಾ ಮೀರಿ ಏರಿಸಬಾರದು ಎಂಬುದು ಅವರು ತಮಗೆ ತಾವೇ ಹಾಕಿಕೊಂಡ ಗೆರೆ. ವಾಲ್‌ಮಾರ್ಟಿನಲ್ಲಿ ಮಾರಾಟದ ಪ್ರತಿ 100 ಡಾಲರಿಗೆ ಕೊಂಡ ಬೆಲೆ ಕಳೆದು ಕೈಯಲ್ಲಿ ಉಳಿಯುವುದು ಕಾಲು ಭಾಗದ ಹತ್ತಿರ. ಕಾಸ್ಟ್‌ಕೊದಲ್ಲಿ ಸುಮಾರು 11 ಡಾಲರ್.

ಇದರಿಂದ ಗ್ರಾಹಕನಿಗೆ ಒಂದು ಸಂಗತಿ ಸ್ಪಷ್ಟವಾಗಬೇಕು. ಕ್ಲಬ್ಬಿನ ಕಡಿಮೆ ಬೆಲೆ ನಿಜವಾದದ್ದೇ, ಕಣ್ಕಟ್ಟಲ್ಲ. ಆದರೆ ಆ ಕಡಿಮೆಯಾದ ಹಣವನ್ನು ನೀವು ಮುಂಗಡ ಕೊಟ್ಟಿದ್ದೀರಿ. ವರ್ಷವಿಡೀ ಸಾಕಷ್ಟು ಕೊಂಡರೆ ಮುಂಗಡ ವಾಪಸ್ ಬರುತ್ತದೆ, ಇಲ್ಲದಿದ್ದರೆ ಅದು ಅಂಗಡಿಯ ಲಾಭ. ಅಮೆರಿಕ ಮತ್ತು ಕೆನಡಾದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸದಸ್ಯರು ಕಾರ್ಡ್ ನವೀಕರಿಸುತ್ತಾರೆ. ಅಷ್ಟೂ ಮನೆಗಳಿಗೆ ಲಾಭವಾಗಿದೆ ಎಂದು ಇದರಿಂದ ಹೇಳಲಾಗದು. ಅಭ್ಯಾಸದಿಂದ ಕಟ್ಟುವವರೂ ಅದರಲ್ಲಿ ಇರುತ್ತಾರೆ.

ಬೆಲೆ ಇಷ್ಟು ಇಳಿಸುವುದಕ್ಕೆ ಕ್ಲಬ್ಬು ಇನ್ನೂ ಒಂದು ಕೆಲಸ ಮಾಡುತ್ತದೆ. ನಮ್ಮ ಅಡುಗೆಮನೆಗೆ ತಟ್ಟುವುದು ಇದೇ. ಕಾಸ್ಟ್‌ಕೊ ಮಳಿಗೆಯಲ್ಲಿ ಸಿಗುವ ಬಗೆಗಳು 4,000ಕ್ಕಿಂತ ಕಡಿಮೆ. ವಾಲ್‌ಮಾರ್ಟಿನ ಸೂಪರ್‌ಸೆಂಟರಿನಲ್ಲಿ ಲಕ್ಷ ದಾಟುತ್ತವೆ. ಹತ್ತು ಅಳತೆಯ ಶಾಂಪೂ ಬಾಟಲಿ ಇಟ್ಟರೆ ಹತ್ತು ಬಗೆಯ ಗಿರಾಕಿಗಳು ಬರುತ್ತಾರೆ ನಿಜ, ಆದರೆ ಹತ್ತನ್ನೂ ಜೋಡಿಸುವ, ಎಣಿಸುವ, ತರಿಸುವ ಖರ್ಚು ಬೆಲೆಗೆ ಸೇರುತ್ತದೆ. ಒಂದೇ ಅಳತೆ ಇಟ್ಟು, ಅದು ಬೇಡವಾದ ಗಿರಾಕಿಯನ್ನು ತಿಳಿದೂ ತಿಳಿದೂ ಬಿಟ್ಟುಕೊಡುವುದು ಲೇಸು ಎಂದು ಸಾಲ್ ಪ್ರೈಸ್ ನಂಬಿದ್ದರು. ಆದ್ದರಿಂದಲೇ ಸಾಮಾನು ಲಾರಿಯಿಂದ ಮರದ ಹಲಗೆಯ ಸಮೇತ ಇಳಿದು ಅದೇ ಹಲಗೆಯ ಮೇಲೆ ಮಾರಾಟಕ್ಕೆ ನಿಲ್ಲುತ್ತದೆ. ಕೈಚೀಲ ಕೊಡುವುದಿಲ್ಲ, ಖಾಲಿ ರಟ್ಟಿನ ಡಬ್ಬದಲ್ಲೇ ತುಂಬಿಕೊಂಡು ಹೋಗಬೇಕು. ಈ ಏರ್ಪಾಡಿನಲ್ಲಿ ಉಳಿಯುವ ಖರ್ಚಿಗೆ ನಾವು ಕೊಡುವ ಬೆಲೆ ಒಂದಿದೆ. ನಮಗೆ ಬೇಕಾದಷ್ಟು ಅಲ್ಲಿ ಸಿಗುವುದಿಲ್ಲ, ಅಲ್ಲಿ ಇರುವಷ್ಟನ್ನು ನಾವು ಒಯ್ಯಬೇಕು.

ಡಿಸ್ಕೌಂಟ್ ಅಂಗಡಿಯ ಕಥೆ ಬೇರೆ. 1962 ಅಮೆರಿಕದ ಚಿಲ್ಲರೆ ವ್ಯಾಪಾರದಲ್ಲಿ ಮರೆಯಲಾಗದ ವರ್ಷ: ಮಾರ್ಚ್‌ನಲ್ಲಿ ಮಿಷಿಗನ್ ರಾಜ್ಯದಲ್ಲಿ ಕೆಮಾರ್ಟ್, ಮೇನಲ್ಲಿ ಮಿನೆಸೋಟದಲ್ಲಿ ಟಾರ್ಗೆಟ್, ಜುಲೈನಲ್ಲಿ ಅರ್ಕನ್ಸಾದ ರೋಜರ್ಸ್ ಎಂಬ ಊರಿನಲ್ಲಿ ವಾಲ್‌ಮಾರ್ಟ್. ಕೆಮಾರ್ಟ್ ಹೆಚ್ಚುಕಮ್ಮಿ ಅಳಿದುಹೋಗಿದೆ. ಇನ್ನೆರಡು ಎಲ್ಲೆಲ್ಲೂ ಇವೆ. ತಮ್ಮ ಅಂಗಡಿಯಿಂದ ಹತ್ತು ಮೈಲಿಯೊಳಗೆ ಅಮೆರಿಕದ 90 ಶೇಕಡಾ ಜನ ವಾಸವಾಗಿದ್ದಾರೆ ಎಂದು ವಾಲ್‌ಮಾರ್ಟ್ ಹೇಳಿಕೊಳ್ಳುತ್ತದೆ. ಇಲ್ಲಿ ಬಾಗಿಲಲ್ಲಿ ಯಾರೂ ಕಾರ್ಡ್ ಕೇಳುವುದಿಲ್ಲ. ಅರ್ಧ ಗ್ಯಾಲನ್ ಹಾಲೂ ಸಿಗುತ್ತದೆ, ಒಂದು ಗ್ಯಾಲನ್ನೂ ಸಿಗುತ್ತದೆ. ಎಲ್ಲ ಸಾಮಾನಿನ ಮೇಲೂ ಒಂದೇ ಬಗೆಯ ಲಾಭ ಇರುವುದಿಲ್ಲ. ಹಾಲು, ಮೊಟ್ಟೆ, ಬಾಳೆಹಣ್ಣಿನಂಥ ಎಲ್ಲರಿಗೂ ಬೆಲೆ ನೆನಪಿರುವ ಸಾಮಾನುಗಳನ್ನು ಬಹಳ ಅಗ್ಗಕ್ಕೆ ಕೊಟ್ಟು, ಬೇರೆಡೆ ಸರಿದೂಗಿಸುತ್ತಾರೆ. ಜಾಣ ಗ್ರಾಹಕನಿಗೆ ಇದರಿಂದ ಅನುಕೂಲವೇ.

ಆಲ್ಡಿಯ ಹೆಸರನ್ನು ಬಿಡುವಂತಿಲ್ಲ. ಪ್ರೈಸ್ ಕ್ಲಬ್ ಹುಟ್ಟಿದ 1976ರಲ್ಲೇ ಈ ಜರ್ಮನ್ ಅಂಗಡಿ ಅಯೋವ ರಾಜ್ಯದಲ್ಲಿ ಕಾಲಿಟ್ಟಿತು. ಬಗೆ ಕಡಿಮೆ, ಸಿಬ್ಬಂದಿ ಕಡಿಮೆ, ಬಹುಪಾಲು ತಮ್ಮದೇ ಬ್ರ್ಯಾಂಡು, ತಳ್ಳುಗಾಡಿ ಬೇಕಾದರೆ ಕಾಲು ಡಾಲರಿನ ನಾಣ್ಯ ಹಾಕಿ ಬಿಡಿಸಿಕೊಂಡು, ವಾಪಸ್ ನಿಲ್ಲಿಸಿ ನಾಣ್ಯ ತೆಗೆದುಕೊಳ್ಳಬೇಕು. ಕ್ಲಬ್ಬಿನ ಮಿತವ್ಯಯದ ಬಹುಪಾಲು ಇಲ್ಲಿದೆ, ಶುಲ್ಕವಿಲ್ಲ, ಪೊಟ್ಟಣಗಳೂ ಸಾಧಾರಣ ಗಾತ್ರದವು. ಇಬ್ಬರೇ ಇರುವ ಮನೆಗೆ ಹತ್ತಿರದಲ್ಲಿ ಆಲ್ಡಿ ಇದ್ದರೆ ಕ್ಲಬ್ಬಿನ ಮಾತನ್ನು ಒಂದೆರಡು ವರ್ಷ ಮುಂದೂಡಬಹುದು ಎಂದು ನಾನು ನಿಶ್ಚಿಂತೆಯಿಂದ ಹೇಳುತ್ತೇನೆ.

ಈಗ ಲೆಕ್ಕಕ್ಕೆ ಬರೋಣ. ಕಾಸ್ಟ್‌ಕೊ 2024ರ ಸೆಪ್ಟೆಂಬರ್ 1ರಿಂದ ಸಾಮಾನ್ಯ ಸದಸ್ಯತ್ವವನ್ನು 60ರಿಂದ 65 ಡಾಲರಿಗೂ, ಎಕ್ಸಿಕ್ಯುಟಿವ್ ಸದಸ್ಯತ್ವವನ್ನು 120ರಿಂದ 130ಕ್ಕೂ ಏರಿಸಿತು. ಸ್ಯಾಮ್ಸ್ ಕ್ಲಬ್ 2022ರಲ್ಲಿ ತನ್ನ ಎರಡು ದರಗಳನ್ನು 50 ಮತ್ತು 110 ಮಾಡಿತ್ತು. 65 ಡಾಲರ್ ಹುಟ್ಟಬೇಕಾದರೆ ಎಷ್ಟು ಕೊಳ್ಳಬೇಕು? ನಿಮ್ಮ ಊರಿನ ಅಗ್ಗದಂಗಡಿಗಿಂತ ಕ್ಲಬ್ಬಿನಲ್ಲಿ ನೂರಕ್ಕೆ ಹತ್ತು ಉಳಿಯುತ್ತದೆ ಎಂದಾದರೆ ವರ್ಷಕ್ಕೆ 650 ಡಾಲರ್ ವ್ಯಾಪಾರ. ಇಪ್ಪತ್ತು ಉಳಿದರೆ 325. ಐದೇ ಉಳಿದರೆ 1,300. ಮೂರು ನಾಲ್ಕು ಜನರ ಮನೆಗೆ ಇದು ದೊಡ್ಡ ಮೊತ್ತವಲ್ಲ. ಆದರೆ ಹೋಲಿಕೆ ಯಾವುದರ ಜೊತೆ ಎಂಬುದರಲ್ಲಿ ಜನ ತಪ್ಪುತ್ತಾರೆ. ಬಡಾವಣೆಯ ದುಬಾರಿ ಸೂಪರ್ ಮಾರ್ಕೆಟ್ಟಿನ ಬೆಲೆಗೆ ಹೋಲಿಸಿ ಅರ್ಧಕ್ಕರ್ಧ ಉಳಿಯಿತು ಎಂದು ಹಿಗ್ಗಬಾರದು. ಕಾರ್ಡ್ ಇಲ್ಲದಿದ್ದರೆ ಅದೇ ಸಾಮಾನನ್ನು ನೀವು ನಿಜವಾಗಿ ಎಲ್ಲಿಂದ ತರುತ್ತಿದ್ದಿರೋ ಆ ಅಂಗಡಿಯ ಬೆಲೆಗೆ ಹೋಲಿಸಬೇಕು.

ಎಕ್ಸಿಕ್ಯುಟಿವ್ ಕಾರ್ಡನ್ನು ಕೌಂಟರಿನಲ್ಲಿ ಒತ್ತಾಯ ಮಾಡಿ ಮಾರುತ್ತಾರೆ. ಕೊಂಡದ್ದರಲ್ಲಿ 2 ಶೇಕಡಾ ವರ್ಷದ ಕೊನೆಗೆ ವಾಪಸ್ ಬರುತ್ತದೆ, ಗರಿಷ್ಠ 1,250 ಡಾಲರ್. ಹೆಚ್ಚುವರಿ 65 ಡಾಲರ್ ಹುಟ್ಟಲು ವರ್ಷಕ್ಕೆ 3,250 ಡಾಲರ್ ವ್ಯಾಪಾರ ಆಗಬೇಕು; ತಿಂಗಳಿಗೆ ಸುಮಾರು 271. ಪೆಟ್ರೋಲಿನ ಖರ್ಚು ಈ ಲೆಕ್ಕಕ್ಕೆ ಸೇರುವುದಿಲ್ಲ, ಫುಡ್ ಕೋರ್ಟೂ ಸೇರುವುದಿಲ್ಲ. ಮೊದಲ ವರ್ಷ ಸಾಮಾನ್ಯ ಕಾರ್ಡ್ ಸಾಕು. ನಿಮ್ಮ ಖರ್ಚು ಎಷ್ಟೆಂದು ನಿಮಗೇ ತಿಳಿದ ಮೇಲೆ ಬೇಕಾದರೆ ಏರಿಸಿಕೊಳ್ಳಬಹುದು.

ಬೆಲೆ ಹೋಲಿಸುವಾಗ ನೋಡಬೇಕಾದದ್ದು ಪೊಟ್ಟಣದ ಬೆಲೆಯಲ್ಲ, ಅಳತೆಗೆ ಇಷ್ಟು ಎಂದು ಶೆಲ್ಫಿನ ಚೀಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುವ ಯೂನಿಟ್ ಬೆಲೆ. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್‌ನಂಥ ಕೆಲವು ರಾಜ್ಯಗಳಲ್ಲಿ ಅದು ಕಾನೂನಿನಿಂದಲೇ ಕಡ್ಡಾಯ, ಎಲ್ಲೆಡೆ ಅಲ್ಲ. ಭಾರತದಲ್ಲೂ ಈಗ ಕೆಲವು ವರ್ಷಗಳಿಂದ ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿ ಜೊತೆಗೆ ಗ್ರಾಮಿಗೆ ಇಷ್ಟು, ಮಿಲಿಲೀಟರಿಗೆ ಇಷ್ಟು ಎಂದು ಅಚ್ಚಾಗುತ್ತಿದೆ, ನೋಡುವವರು ಕಡಿಮೆ. ಅಮೆರಿಕದಲ್ಲಿ ಔನ್ಸ್, ಪೌಂಡ್, ಕ್ವಾರ್ಟ್, ಗ್ಯಾಲನ್‌ಗಳ ಗೋಜಲು ಬೇರೆ. ಒಂದು ಅಂಗಡಿ ಎಣ್ಣೆಯ ಬೆಲೆಯನ್ನು ಔನ್ಸಿಗೆ ಬರೆದರೆ ಇನ್ನೊಂದು ಕ್ವಾರ್ಟಿಗೆ ಬರೆಯುತ್ತದೆ. ಪೇಪರ್ ಟವೆಲ್ಲನ್ನು ಒಬ್ಬರು ಹಾಳೆಗೆ ಲೆಕ್ಕ ಹಾಕಿದರೆ ಇನ್ನೊಬ್ಬರು ಚದರಡಿಗೆ. ಫೋನಿನಲ್ಲಿ ಭಾಗಾಕಾರ ಮಾಡಿಕೊಳ್ಳುವುದೇ ದಾರಿ. ಹೀಗೆ ನೋಡುತ್ತಾ ಹೋದರೆ ಎಲ್ಲ ಸಾಮಾನೂ ಕ್ಲಬ್ಬಿನಲ್ಲೇ ಅಗ್ಗ ಅಲ್ಲ ಎಂಬುದು ಬೇಗ ಗೊತ್ತಾಗುತ್ತದೆ. ಅಗ್ಗದಂಗಡಿ ತನ್ನ ಹೆಸರಿನಲ್ಲೇ ಮಾರುವ ಉಪ್ಪು, ಸಕ್ಕರೆ, ಪಾಸ್ತಾದಂಥ ಸಾಮಾನುಗಳಲ್ಲಿ ಕ್ಲಬ್ಬಿನ ಅಂತರ ಕಿರಿದಾಗುತ್ತದೆ, ಕೆಲವೊಮ್ಮೆ ತಿರುಗುಮುರುಗಾಗುತ್ತದೆ.

ಆದರೆ ಯೂನಿಟ್ ಬೆಲೆಯೂ ಅರ್ಧ ಲೆಕ್ಕವೇ. ಕೊಟ್ಟ ದುಡ್ಡನ್ನು ನಾವು ತಂದ ತೂಕದಿಂದ ಭಾಗಿಸುತ್ತೇವೆ. ಭಾಗಿಸಬೇಕಾದದ್ದು ಉಂಡ ತೂಕದಿಂದ. ಉದಾಹರಣೆಗೆ ಕ್ಲಬ್ಬಿನಲ್ಲಿ 3 ಪೌಂಡಿನ ಬಾದಾಮಿ ಚೀಲ 15 ಡಾಲರ್ ಎಂದಿಟ್ಟುಕೊಳ್ಳಿ, ಪೌಂಡಿಗೆ 5 ಆಯಿತು. ಅಗ್ಗದಂಗಡಿಯಲ್ಲಿ ಒಂದು ಪೌಂಡಿನ ಪೊಟ್ಟಣಕ್ಕೆ 6. ಚೀಲದಲ್ಲಿ ಅರ್ಧ ಪೌಂಡ್ ಕಮಟು ಹಿಡಿದು ಕಸಕ್ಕೆ ಹೋದರೆ ನೀವು ತಿಂದ ಎರಡೂವರೆ ಪೌಂಡಿಗೆ 15 ಡಾಲರ್, ಅಂದರೆ ಪೌಂಡಿಗೆ 6. ಉಳಿತಾಯ ಅಲ್ಲಿಗೆ ಸೊನ್ನೆ. ಒಂದು ಪೌಂಡ್ ಹಾಳಾದರೆ ಪೌಂಡಿಗೆ ಏಳೂವರೆ ಡಾಲರ್ ಕೊಟ್ಟು ತಿಂದ ಹಾಗಾಯಿತು. ಅಮೆರಿಕದಲ್ಲಿ ಪೂರೈಕೆಯಾಗುವ ಆಹಾರದಲ್ಲಿ 30ರಿಂದ 40 ಶೇಕಡಾ ವ್ಯರ್ಥವಾಗುತ್ತದೆ ಎಂಬುದು ಅಲ್ಲಿನ ಕೃಷಿ ಇಲಾಖೆಯ ಅಂದಾಜು. ಅದರಲ್ಲಿ ಮನೆಗಳ ಪಾಲು ದೊಡ್ಡದು. ಅನ್ನವನ್ನು ಚೆಲ್ಲಬಾರದೆಂದು ಬೆಳೆದ ಮನೆಗಳಲ್ಲೇ ಎರಡು ಪೌಂಡಿನ ಪಾಲಕ್ ಸೊಪ್ಪಿನ ಡಬ್ಬದಲ್ಲಿ ಅರ್ಧ ಲೋಳೆಯಾಗಿ ಕಸದ ಚೀಲ ಸೇರುವುದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಯಾವುದು ದೊಡ್ಡ ಗಾತ್ರದಲ್ಲಿ ಸಲ್ಲುತ್ತದೆ, ಯಾವುದು ಸಲ್ಲದು ಎಂಬುದು ನಮ್ಮ ಅಡುಗೆಯ ಮೇಲೆ ನಿಂತಿದೆ. ಅಮೆರಿಕದ ಪತ್ರಿಕೆಗಳು ಕೊಡುವ ಪಟ್ಟಿ ನಮಗೆ ಹೊಂದುವುದಿಲ್ಲ. ಉಪ್ಪುರಹಿತ ಬೆಣ್ಣೆಯನ್ನೇ ನೋಡಿ. ಕ್ಲಬ್ಬಿನಲ್ಲಿ ನಾಲ್ಕು ಪೌಂಡಿನ ಕಟ್ಟು ಸಿಗುತ್ತದೆ. ಅದನ್ನು ನೋಡಿದ ಅಮೆರಿಕನ್ ಗೃಹಿಣಿ ಇಷ್ಟು ಬೆಣ್ಣೆ ಏನು ಮಾಡಲಿ ಎಂದಾಳು; ನಮ್ಮವರು ಒಂದು ಭಾನುವಾರ ಬೆಳಿಗ್ಗೆ ದಪ್ಪ ತಳದ ಪಾತ್ರೆಯಲ್ಲಿ ಅಷ್ಟನ್ನೂ ಕಾಯಿಸಿ, ಕೊನೆಗೊಂದು ವೀಳ್ಯದೆಲೆಯೋ ನಾಲ್ಕು ಮೆಂತ್ಯವೋ ಹಾಕಿ, ತಿಂಗಳುಗಟ್ಟಲೆ ಬರುವ ತುಪ್ಪ ಮಾಡಿಟ್ಟುಕೊಳ್ಳುತ್ತಾರೆ. ಅಂಗಡಿಯ ತುಪ್ಪದ ಡಬ್ಬಕ್ಕೆ ಹೋಲಿಸಿದರೆ ದುಡ್ಡೂ ಉಳಿಯಿತು, ಮನೆಯೂ ಘಮಗುಟ್ಟಿತು. ಹಾಗೆಯೇ ದಿನವೂ ಹೆಪ್ಪು ಹಾಕುವ ಮನೆಗೆ ಎರಡು ಗ್ಯಾಲನ್ ಹಾಲು ದೊಡ್ಡದಲ್ಲ. ಬಿಳಿ ಅಕ್ಕಿ ಒಣಗಿದ ಡಬ್ಬದಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ಬೇಳೆಗಳೂ ತಾಳುತ್ತವೆ, ಹುಳದ ಕಣ್ಣು ತಪ್ಪಿಸಿದರೆ ಸಾಕು. ಗೋಡಂಬಿ, ಬಾದಾಮಿಗಳನ್ನು ಫ್ರೀಜರಿನಲ್ಲಿಟ್ಟರೆ ಬೇಗ ಕಮಟು ಹಿಡಿಯುವುದಿಲ್ಲ. ಪಾತ್ರೆ ತೊಳೆಯುವ ಸೋಪು, ಬಟ್ಟೆ ಸೋಪಿನ ಪುಡಿ, ಮಕ್ಕಳ ಡೈಪರ್, ಟಾಯ್ಲೆಟ್ ಪೇಪರ್ ಇವಕ್ಕೆ ಕೆಡುವ ಭಯವೇ ಇಲ್ಲ.

ಗೋಧಿ ಹಿಟ್ಟು ಹಾಗಲ್ಲ. ತೌಡು, ಮೊಳಕೆಯ ಭಾಗ ಎರಡೂ ಇರುವ ಹಿಟ್ಟಿನಲ್ಲಿ ಎಣ್ಣೆಯಂಶ ಇರುತ್ತದೆ, ಬೇಸಿಗೆಯಲ್ಲಿ ಹೊರಗಿಟ್ಟರೆ ಕೆಲವೇ ತಿಂಗಳಲ್ಲಿ ಚಪಾತಿ ಕಹಿಯಾಗುತ್ತದೆ. ಕೆಂಪಕ್ಕಿಗೂ ಇದೇ ಮಾತು. ಮೆಣಸು, ಜೀರಿಗೆ, ಅರಿಸಿನದ ದೊಡ್ಡ ಡಬ್ಬಗಳು ಕೆಡುವುದಿಲ್ಲವಾದರೂ ಅರ್ಧ ಮುಗಿಯುವಷ್ಟರಲ್ಲಿ ಪರಿಮಳ ಹೋಗಿ ಬರೀ ಬಣ್ಣ ಉಳಿದಿರುತ್ತದೆ. ಸಾರಿನ ಪುಡಿಗೆ ಹುರಿಯುವವರು ಅಂಥ ಡಬ್ಬಗಳನ್ನು ತರಲೇಬಾರದು. ಇನ್ನು ತೊಗರಿಬೇಳೆ, ಸೋನಾಮಸೂರಿ, ಬ್ಯಾಡಗಿ ಮೆಣಸಿನಕಾಯಿ, ರಾಗಿ ಹಿಟ್ಟು, ಹುಣಸೆಹಣ್ಣು, ಕರಿಬೇವು ಇವುಗಳಿಗೆ ಹೇಗಿದ್ದರೂ ಇಂಡಿಯನ್ ಅಂಗಡಿಗೆ ಹೋಗಲೇಬೇಕು. ಅಂದರೆ ನಮ್ಮ ಮನೆಯ ದಿನಸಿ ಖರ್ಚಿನಲ್ಲಿ ಒಂದು ದೊಡ್ಡ ಭಾಗ ಕ್ಲಬ್ಬಿನ ಹೊರಗೇ ಆಗುತ್ತದೆ. ಅಮೆರಿಕನ್ ಕುಟುಂಬಗಳ ಉಳಿತಾಯದ ಲೆಕ್ಕವನ್ನು ನಮ್ಮ ಮನೆಗೆ ಹಾಗೆಯೇ ಅಂಟಿಸಲಾಗದು ಎನ್ನುವುದು ಇದಕ್ಕೇ.

ಒಟ್ಟಿಗೆ ತಂದು ಕೂಡಿಡುವುದು ನಮಗೇನು ಹೊಸತಲ್ಲ. ಹಳೆ ಮೈಸೂರಿನ ಬಯಲು ಸೀಮೆಯಲ್ಲಿ ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬಿ ಮುಚ್ಚಿ, ಬರಗಾಲದಲ್ಲಿ ತೆಗೆದು ಉಣ್ಣುತ್ತಿದ್ದರು. ಅವರು ರಾಗಿಯನ್ನು ಹಾಗೆ ಇಟ್ಟದ್ದು ರಾಗಿ ಬಹುಕಾಲ ಕೆಡದ ಧಾನ್ಯವಾದ್ದರಿಂದ. ಅಗ್ಗಕ್ಕೆ ಸಿಕ್ಕಿತೆಂದು ಬದನೆಕಾಯಿಯನ್ನು ಯಾರೂ ಹಗೇವಿಗೆ ಹಾಕಲಿಲ್ಲ. ಕ್ಲಬ್ಬಿನ ತಳ್ಳುಗಾಡಿಯ ಮುಂದೆ ನಿಂತಾಗ ಬೇಕಾಗುವ ವಿವೇಕ ಇಷ್ಟೇ.

ತಳ್ಳುಗಾಡಿ ಅಂದಾಗ ಹೇಳಬೇಕಾದ ಇನ್ನೊಂದು ಮಾತಿದೆ. ಕ್ಲಬ್ಬಿನ ಬಾಗಿಲು ದಾಟುತ್ತಿದ್ದ ಹಾಗೆ ಕಣ್ಣಿಗೆ ಬೀಳುವುದು ಅಕ್ಕಿಯೂ ಅಲ್ಲ, ಹಾಲೂ ಅಲ್ಲ. ದೊಡ್ಡ ಟಿವಿಗಳು, ಆ ಋತುವಿನ ಜಾಕೆಟ್ಟುಗಳು, ಆಟಿಕೆಗಳು. ಹಾಲು ಮೊಟ್ಟೆ ಇರುವುದು ಹಿಂಬದಿಯ ಗೋಡೆಗೆ. ಇವತ್ತು ಕಂಡದ್ದು ಮುಂದಿನ ವಾರ ಇರಲಾರದು ಎಂಬ ಭಾವ ಬರುವ ಹಾಗೆ ಕೆಲವು ಸಾಮಾನು ಬಂದು ಹೋಗುತ್ತಿರುತ್ತವೆ. ಶುಲ್ಕ ಕಟ್ಟಿದ ಮನಸ್ಸು ಅಲ್ಲಿ ಮೆತ್ತಗಾಗುತ್ತದೆ. ಕೊಟ್ಟ 65 ಡಾಲರ್ ಹುಟ್ಟಿಸಿಕೊಳ್ಳಬೇಕಲ್ಲ ಎಂದು ಬೇಡದ್ದನ್ನೂ ಕೊಳ್ಳುತ್ತದೆ. ಹಾಲು ತರಲು ಹೋಗಿ 250 ಡಾಲರ್ ಬಿಲ್ಲು ಮಾಡಿಕೊಂಡು ಬಂದ ಕಥೆ ಕ್ಲಬ್ಬಿನ ಸದಸ್ಯರಿರುವ ಎಲ್ಲ ಊರುಗಳಲ್ಲೂ ಕೇಳಿಸುತ್ತದೆ. ಪೌಂಡಿಗೆ ಒಂದು ಡಾಲರ್ ಉಳಿಸಿದ ಲೆಕ್ಕ ಇಂಥ ಒಂದೇ ಭೇಟಿಯಲ್ಲಿ ಕೊಚ್ಚಿಹೋಗುತ್ತದೆ. ತಮ್ಮ ಕೈ ಬಿಗಿ ತಮಗೆ ಗೊತ್ತಿರುವವರು ಮಾತ್ರ ಇಲ್ಲಿ ಗೆಲ್ಲುತ್ತಾರೆ. ಚೀಟಿ ಬರೆದುಕೊಂಡು ಹೋಗುವ ಅಭ್ಯಾಸವಿಲ್ಲದ ಮನೆಗೆ, ಬೆಲೆ ಸ್ವಲ್ಪ ಹೆಚ್ಚಾದರೂ ಚಿಕ್ಕ ಪೊಟ್ಟಣ ಮಾರುವ ಅಂಗಡಿಯೇ ಕ್ಷೇಮ.

ಅಡುಗೆಮನೆಯ ಆಚೆ ಕ್ಲಬ್ಬಿನ ಪಕ್ಷದಲ್ಲಿ ಹೇಳಬೇಕಾದದ್ದೂ ಇದೆ. ಪೆಟ್ರೋಲು ಮೊದಲನೆಯದು. ಸದಸ್ಯರಿಗೆ ಮಾತ್ರ ಸಿಗುವ ಕಾಸ್ಟ್‌ಕೊ ಪೆಟ್ರೋಲು ಸುತ್ತಲಿನ ಬಂಕುಗಳಿಗಿಂತ ಸಾಮಾನ್ಯವಾಗಿ ಅಗ್ಗ. ಗ್ಯಾಲನ್ನಿಗೆ 20 ಸೆಂಟ್ ಕಡಿಮೆ ಎಂದಿಟ್ಟುಕೊಂಡರೂ ವರ್ಷಕ್ಕೆ 480 ಗ್ಯಾಲನ್ ತುಂಬಿಸುವ ಕಾರಿಗೆ 96 ಡಾಲರ್ ಉಳಿಯಿತು. ಶುಲ್ಕ ಹುಟ್ಟಿ ಮೇಲೆ ಉಳಿತಾಯ. ಆಫೀಸಿನ ದಾರಿಯಲ್ಲೇ ಬಂಕು ಇರಬೇಕು ಅಷ್ಟೆ. ಹದಿನೈದು ಮೈಲಿ ಸುತ್ತಿ, ಸಾಲಿನಲ್ಲಿ ಅರ್ಧ ತಾಸು ನಿಂತರೆ ಉಳಿದದ್ದೇನೂ ಇಲ್ಲ. ಕಾರಿನ ನಾಲ್ಕು ಟೈರು, ಕನ್ನಡಕ, ಶ್ರವಣ ಸಾಧನ ಇಂಥ ಒಂದು ದೊಡ್ಡ ಖರೀದಿ ಆ ವರ್ಷ ಇದೆ ಎಂದಾದರೆ ಕಾರ್ಡ್ ಮಾಡಿಸುವುದರಲ್ಲಿ ಅರ್ಥವಿದೆ. ಔಷಧಿಗಾಗಿ ಮಾತ್ರ ಕಾರ್ಡ್ ಬೇಕಿಲ್ಲ. ಅಮೆರಿಕದಲ್ಲಿ ಕಾಸ್ಟ್‌ಕೊ ಫಾರ್ಮಸಿಯಲ್ಲಿ ಸದಸ್ಯರಲ್ಲದವರೂ ಔಷಧಿ ಪಡೆಯಬಹುದು. ಊರಿಂದ ಅಪ್ಪ ಅಮ್ಮ ಬಂದಿರುವ ಮನೆಗಳಿಗೆ ಇದು ತಿಳಿದಿರಲಿ. ಕಾಸ್ಟ್‌ಕೊ ಮಳಿಗೆಯಲ್ಲಿ ಕ್ರೆಡಿಟ್ ಕಾರ್ಡುಗಳಲ್ಲಿ ವೀಸಾ ಮಾತ್ರ ನಡೆಯುತ್ತದೆ ಎಂಬುದೂ ಹೋಗುವ ಮುಂಚೆ ಗೊತ್ತಿರಬೇಕು. ಸ್ಯಾಮ್ಸ್‌ನಲ್ಲಿ ಆ ಕಟ್ಟುಪಾಡಿಲ್ಲ.

ಹಾಗಾದರೆ ಯಾರಿಗೆ ಯಾವುದು? ಎಂಎಸ್ ಓದಲು ಬಂದ ಹುಡುಗ ಹುಡುಗಿಯರಿಗೆ ಕಾರ್ಡ್ ಬೇಡ. ಕಾರಿಲ್ಲ, ನಾಲ್ಕು ಜನರಿಗೆ ಒಂದು ಫ್ರಿಜ್ಜು, ಪರೀಕ್ಷೆಯ ವಾರದಲ್ಲಿ ಅಡುಗೆಯೇ ಇಲ್ಲ. ಒಂದೇ ವಿಳಾಸದಲ್ಲಿ ಇದ್ದು, ಒಟ್ಟಿಗೆ ಅಡುಗೆ ಮಾಡುವ ಹುಡುಗರಾದರೆ ಮಾತು ಬೇರೆ. ಸದಸ್ಯರೊಬ್ಬರಿಗೆ ಅದೇ ಮನೆಯ ಇನ್ನೊಬ್ಬರ ಹೆಸರಿನಲ್ಲಿ ಎರಡನೇ ಕಾರ್ಡ್ ಪುಕ್ಕಟೆ ಸಿಗುತ್ತದೆ. ಗಂಡ ಹೆಂಡತಿ ಇಬ್ಬರೇ ಇರುವ ಅಪಾರ್ಟ್‌ಮೆಂಟಿನಲ್ಲಿ ನಾನು ಅಗ್ಗದಂಗಡಿಯ ಪರ. ಮಗು ಹುಟ್ಟಿದ ದಿನದಿಂದ ಲೆಕ್ಕ ತಿರುಗುತ್ತದೆ. ಡೈಪರ್, ವೈಪ್ಸ್, ಹಾಲು ಮೂರರಲ್ಲೇ ಶುಲ್ಕ ಹುಟ್ಟಬಹುದು. ಹದಿಹರೆಯದ ಮಕ್ಕಳಿಬ್ಬರು, ಊರಿಂದ ಬಂದ ಹಿರಿಯರು, ಗ್ಯಾರೇಜಿನಲ್ಲಿ ಜಾಗ, ಹತ್ತಿರದಲ್ಲೇ ಕ್ಲಬ್ಬು ಇಷ್ಟಿದ್ದರೆ ಯೋಚಿಸುವುದೇ ಬೇಡ. ಪಕ್ಕದ ಮನೆಯವರ ಜೊತೆ ಹೋಗಿ ಒಂದು ಮೂಟೆ ತಂದು ಅರ್ಧರ್ಧ ಹಂಚಿಕೊಳ್ಳುವ ಪದ್ಧತಿ ನಮ್ಮವರಲ್ಲಿ ಬೆಳೆಯಬೇಕು. ಸಂಘದ ಯುಗಾದಿ ಊಟಕ್ಕೆ ನೂರು ಜನರ ಸಾಮಾನು ಒಟ್ಟಿಗೆ ತರುವವರಿಗೆ ಎರಡು ಮನೆಗೆ ಒಂದು ಚೀಲ ಈರುಳ್ಳಿ ಹಂಚಿಕೊಳ್ಳುವುದು ಕಷ್ಟವೇನಲ್ಲ.

ಈ ಲೆಕ್ಕದ ಹೊರಗೇ ಉಳಿಯುವ ಜನರಿದ್ದಾರೆ. ಕ್ಲಬ್ಬಿನಲ್ಲಿ ಉಳಿಸಬೇಕಾದರೆ ಮುಂಗಡ ಕೊಡಲು 65 ಡಾಲರ್ ಬೇಕು, ಒಂದೇ ಸಲ ಎರಡು ನೂರು ಖರ್ಚು ಮಾಡುವಷ್ಟು ಕೈಯಲ್ಲಿರಬೇಕು, ಹೊರುವ ಕಾರು ಬೇಕು, ಇಡುವ ಜಾಗ ಬೇಕು. ವಾರದ ಸಂಬಳದಲ್ಲಿ ವಾರ ದೂಡುವವನಿಗೆ ಈ ನಾಲ್ಕೂ ಇರುವುದಿಲ್ಲ. ಆತ ಡಾಲರ್ ಜನರಲ್‌ನಂಥ ಅಂಗಡಿಯಲ್ಲಿ ಚಿಕ್ಕ ಪೊಟ್ಟಣ ಕೊಳ್ಳುತ್ತಾನೆ. ಆ ಕ್ಷಣಕ್ಕೆ ಕೊಡುವುದು ಕಡಿಮೆ, ಔನ್ಸಿನ ಲೆಕ್ಕದಲ್ಲಿ ಹೆಚ್ಚು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಯೆಶಿಮ್ ಒರ್ಹುನ್ ಮತ್ತು ಮೈಕ್ ಪಲಜೊಲೊ ಅಮೆರಿಕನ್ ಕುಟುಂಬಗಳ ಟಾಯ್ಲೆಟ್ ಪೇಪರ್ ಖರೀದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ ಇದನ್ನೇ ಕಂಡರು. ಬಡ ಕುಟುಂಬಗಳು ಅಗ್ಗದ ಬ್ರ್ಯಾಂಡನ್ನು ಹುಡುಕುವುದರಲ್ಲಿ ಹಿಂದೆ ಬಿದ್ದಿಲ್ಲ, ಆದರೆ ಕೈಯಲ್ಲಿ ದುಡ್ಡಿಲ್ಲದ ಕಾರಣ ದೊಡ್ಡ ಕಟ್ಟಿನ ಉಳಿತಾಯವೂ ರಿಯಾಯಿತಿಯ ವಾರದ ಉಳಿತಾಯವೂ ಅವರಿಗೆ ದಕ್ಕುವುದಿಲ್ಲ. ತಿಂಗಳ ಮೊದಲಲ್ಲಿ ಕೈ ಸ್ವಲ್ಪ ಸಡಿಲವಿದ್ದಾಗ ಅವರೂ ದೊಡ್ಡ ಕಟ್ಟನ್ನೇ ಕೊಳ್ಳುತ್ತಾರೆ. ಬುದ್ಧಿಯಿಲ್ಲದೆ ಬಡವರು ಹೆಚ್ಚು ಖರ್ಚು ಮಾಡುತ್ತಾರೆ ಎಂದು ಹೇಳುವವರು ಈ ಮಾತನ್ನು ಗಮನಿಸಬೇಕು. ಬೆಂಗಳೂರಿನ ಗೂಡಂಗಡಿಯಲ್ಲಿ ಒಂದೊಂದೇ ಸ್ಯಾಶೆ ಹರಿದು ಕೊಡುವ ಶಾಂಪೂ, ಸೋಪಿನ ಪುಡಿಯ ಹಿಂದೆಯೂ ಇದೇ ಕಾರಣವಿದೆ.

ಕರ್ನಾಟಕದಲ್ಲಿ ಕ್ಲಬ್ ಪದ್ಧತಿ ಯಾಕೆ ಬೇರೂರಲಿಲ್ಲ ಎಂದು ಕೆಲವರು ಕೇಳುತ್ತಾರೆ. ಜರ್ಮನಿಯ ಮೆಟ್ರೊ 2003ರಲ್ಲಿ ಭಾರತದ ತನ್ನ ಮೊದಲ ಸಗಟು ಮಳಿಗೆಯನ್ನು ತೆರೆದದ್ದು ಬೆಂಗಳೂರಿನಲ್ಲೇ. ಆದರೆ ವಿದೇಶಿ ಬಂಡವಾಳದ ಸಗಟು ಮಳಿಗೆ ವ್ಯಾಪಾರಿಗಳಿಗೆ ಮಾತ್ರ ಮಾರಬೇಕು ಎಂಬ ಕಾನೂನಿತ್ತು. ಅಂಗಡಿ, ಹೋಟೆಲು, ಕ್ಯಾಂಟೀನಿನ ನೋಂದಣಿ ತೋರಿಸಿದವರಿಗೆ ಕಾರ್ಡ್ ಕೊಡುತ್ತಿದ್ದರು. ಮನೆಯವರಿಗಾಗಿ ಅದು ಇರಲಿಲ್ಲ. 2023ರಲ್ಲಿ ರಿಲಯನ್ಸ್ ಮೆಟ್ರೊದ ಭಾರತದ ವ್ಯವಹಾರವನ್ನು 2,850 ಕೋಟಿ ರೂಪಾಯಿಗೆ ಕೊಂಡಿತು. ಮನೆಯವರು ಸೇರುವುದು 2002ರಲ್ಲಿ ಮುಂಬೈಯಲ್ಲಿ ಶುರುವಾದ ಡಿಮಾರ್ಟ್‌ನಂಥ ಅಗ್ಗದಂಗಡಿಗಳಲ್ಲಿ. ಬಹುಪಾಲು ಮಳಿಗೆಗಳನ್ನು ಬಾಡಿಗೆಗೆ ಪಡೆಯದೆ ಸ್ವಂತಕ್ಕೆ ಕಟ್ಟಿಕೊಂಡು, ಸರಬರಾಜುದಾರರಿಗೆ ಬೇಗ ಹಣ ಕೊಟ್ಟು ಕಡಿಮೆ ಬೆಲೆ ಪಡೆದು, ಶುಲ್ಕವಿಲ್ಲದೆಯೇ ಅದು ಬೆಲೆ ಇಳಿಸಿತು. ಅಮೆರಿಕದಲ್ಲೋ, ಅಗ್ಗದಂಗಡಿಯೇ ಈಗ ಶುಲ್ಕದ ದಾರಿ ಹಿಡಿದಿದೆ. 2020ರಲ್ಲಿ ಬಂದ ವಾಲ್‌ಮಾರ್ಟ್ ಪ್ಲಸ್‌ಗೆ ವರ್ಷಕ್ಕೆ 98 ಡಾಲರ್, ಮನೆ ಬಾಗಿಲಿಗೆ ಸಾಮಾನು ಬರುತ್ತದೆ. ಹಾಗಾಗಿ ಮುಂದೆ ಆಯ್ಕೆ ಇರುವುದು ಶುಲ್ಕದ ಅಂಗಡಿ ಮತ್ತು ಶುಲ್ಕವಿಲ್ಲದ ಅಂಗಡಿಯ ನಡುವೆ ಅಲ್ಲ, ಯಾವ ಶುಲ್ಕ ಎಂಬುದರಲ್ಲಿ. ಎರಡು ಮೂರು ಕಡೆ ಒಟ್ಟಿಗೆ ಶುಲ್ಕ ಕಟ್ಟುತ್ತಿರುವ ಮನೆಗಳು ಇಂದೇ ಕೂತು ಅದರಲ್ಲಿ ಒಂದನ್ನು ಉಳಿಸಿಕೊಳ್ಳುವುದು ಒಳ್ಳೆಯದು.

ಇನ್ನೂ ತೀರ್ಮಾನಕ್ಕೆ ಬರಲಾಗದವರಿಗೆ ಒಂದು ದಾರಿಯಿದೆ. ಸದಸ್ಯತ್ವ ತೃಪ್ತಿ ಕೊಡದಿದ್ದರೆ ಯಾವಾಗ ಬೇಕಾದರೂ ರದ್ದು ಮಾಡಿ ಪೂರ್ತಿ ಶುಲ್ಕ ವಾಪಸ್ ಪಡೆಯಬಹುದು ಎಂಬುದು ಕಾಸ್ಟ್‌ಕೊದ ಘೋಷಿತ ನಿಯಮ. ಸಾಮಾನ್ಯ ಕಾರ್ಡನ್ನೇ ಮಾಡಿಸಿ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಕ್ಲಬ್ಬಿನಿಂದ ತಂದದ್ದರಲ್ಲಿ ಕಸಕ್ಕೆ ಹೋದದ್ದನ್ನು ಅದರಲ್ಲಿ ಬರೆಯುತ್ತಾ ಬನ್ನಿ. ಬಿಲ್ಲುಗಳನ್ನು ಒಂದು ಲಕೋಟೆಯಲ್ಲಿ ಹಾಕಿಡಿ. ಕೌಂಟರಿನಲ್ಲಿ ಆಟೋ ರಿನ್ಯೂವಲ್‌ಗೆ ಒಪ್ಪಿಗೆ ಕೇಳುತ್ತಾರೆ, ಬೇಡ ಎನ್ನಿ. ಹನ್ನೊಂದನೇ ತಿಂಗಳಲ್ಲಿ ಹಾಳೆಯನ್ನೂ ಲಕೋಟೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಮನೆಯವರೆಲ್ಲ ಅರ್ಧ ಗಂಟೆ ಕೂತರೆ, ಮುಂದಿನ ವರ್ಷದ 65 ಡಾಲರ್ ಕಟ್ಟಬೇಕೋ ಬೇಡವೋ ಎಂದು ಹೊರಗಿನವರನ್ನು ಕೇಳಬೇಕಾಗುವುದಿಲ್ಲ.